ನಿಮ್ಮ ಕ್ಯಾಪ್ಟನ್‌ಗೆ ಸ್ವಲ್ಪ ಕೆಲಸ ಕೊಡಿ

ನಮಸ್ಕಾರ. ಮಂಡ್ಯದಿಂದ ನೀವು ಕಳಿಸಿದ ವಿಮಾನದ ಕಥೆ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಥೆ ಇಷ್ಟು: ದೆಹಲಿಯಿಂದ ಬೆಂಗಳೂರಿಗೆ ಬರುವ ಏರ್‌ಬಸ್ 320. ಇಳಿಯುವ ಹೊತ್ತಿಗೆ ಮುಂದಿನ ಚಕ್ರ ಸರಿಯಾಗಿ ಇಳಿದಿದೆ ಅಂತ ತೋರಿಸುವ ಹಸಿರು ದೀಪ ಹತ್ತುವುದಿಲ್ಲ. ಕ್ಯಾಪ್ಟನ್ ಬೆವರುತ್ತಾನೆ, ಮನೆದೇವರನ್ನು ನೆನೆಯುತ್ತಾನೆ. ಕೋ-ಪೈಲಟ್ "ಸರ್, ಸರ್" ಅನ್ನುತ್ತಾನೆ. ಕೆಆರ್‌ಎಸ್ ಹಿನ್ನೀರಿಗೆ ಇಂಧನ ಸುರಿದು, ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿಸುತ್ತಾರೆ.

ಸಣ್ಣ ತಪ್ಪುಗಳನ್ನು ಮೊದಲು ಮುಗಿಸೋಣ. 320ರಲ್ಲಿ ಇಂಧನ ಹೊರಗೆ ಸುರಿಯುವ ವ್ಯವಸ್ಥೆಯೇ ಇಲ್ಲ. ಸುತ್ತು ಹೊಡೆದು ಉರಿಸಬೇಕು, ಅಷ್ಟೇ. ಅದೂ ದೆಹಲಿಯಿಂದ ಬಂದ ವಿಮಾನದಲ್ಲಿ ಸುರಿಯುವಷ್ಟು ಎಲ್ಲಿ ಉಳಿದಿರುತ್ತದೆ? ಮಂಡಕಳ್ಳಿ ರನ್‌ವೇ ಸುಮಾರು 1740 ಮೀಟರ್, ಎಟಿಆರ್‌ನಂಥ ಸಣ್ಣ ವಿಮಾನ ಇಳಿಯುವ ಜಾಗ. ಬೆಂಗಳೂರಿನಲ್ಲಿ 4000 ಮೀಟರ್ ಇರುವಾಗ ಯಾವ ಕ್ಯಾಪ್ಟನ್ ಇಲ್ಲಿಗೆ ಬರುತ್ತಾನೆ? ಊರಿನ ಅಭಿಮಾನ ನನಗೂ ಇದೆ, ಆದರೂ.

ದೊಡ್ಡ ತೊಂದರೆ ಬೇರೆ. ನಿಮ್ಮ ಕಾಕ್‌ಪಿಟ್‌ನಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ಸುಮ್ನೆ ಹೆದರುತ್ತಾರೆ. ಇಂಥ ಹೊತ್ತಲ್ಲಿ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುತ್ತಾರೆ, ಕೆಲಸ ಹಂಚಿಕೊಳ್ಳುತ್ತಾರೆ. ಒಬ್ಬರು ವಿಮಾನ ಹಾರಿಸುತ್ತಾರೆ, ಬೇರೇನೂ ಮುಟ್ಟುವುದಿಲ್ಲ. ಇನ್ನೊಬ್ಬರು ಚೆಕ್‌ಲಿಸ್ಟ್ ತೆಗೆದು ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಾರೆ. ಇಬ್ಬರ ಸೀಟಿನ ನಡುವೆ, ಹಿಂಬದಿಗೆ, ಒಂದು ಹಿಡಿಕೆ ಇದೆ. ಅದನ್ನು ಎಳೆದು ಮೂರು ಸುತ್ತು ತಿರುಗಿಸಿದರೆ ಚಕ್ರಗಳು ತಮ್ಮ ಭಾರಕ್ಕೇ ಕೆಳಗಿಳಿಯುತ್ತವೆ. ಆ ಮೂರು ಸುತ್ತು ಬರೆಯಿರಿ ಸ್ವಾಮಿ! ಒಂದು, ಎರಡು, ಮೂರು. ಆಮೇಲೆ ಇಬ್ಬರೂ ದೀಪದ ಕಡೆ ನೋಡಲಿ. ನಿಮ್ಮ ಎರಡು ಪುಟದ ಬೆವರಿಗಿಂತ ಇದು ಓದುಗರನ್ನು ಜಾಸ್ತಿ ಹಿಡಿದಿಡುತ್ತದೆ.

ಹಂಚಿಕೆ ತಪ್ಪಿದರೆ ಏನಾಗುತ್ತದೆ ಗೊತ್ತಾ? 1972ರ ಡಿಸೆಂಬರ್, ಅಮೆರಿಕದ ಮಯಾಮಿ ಹತ್ತಿರ, ಈಸ್ಟರ್ನ್ ಏರ್‌ಲೈನ್ಸ್‌ನ 401 ನಂಬರ್ ವಿಮಾನ. ನಿಮ್ಮ ಕಥೆಯ ದೀಪವೇ ಅಲ್ಲೂ ಹತ್ತಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಅದಕ್ಕೇ ಗಂಟುಬಿದ್ದರು. ಆಟೊಪೈಲಟ್ ಎತ್ತರ ಹಿಡಿಯುವುದನ್ನು ಬಿಟ್ಟಿದ್ದು ಯಾರ ಗಮನಕ್ಕೂ ಬರಲಿಲ್ಲ. 2000 ಅಡಿಯಿಂದ ಮೆಲ್ಲಗೆ ಇಳಿಯುತ್ತಾ ಹೋಗಿ ಜೌಗಿಗೆ ಬಿತ್ತು. ಸುಮಾರು 100 ಜನ ಸತ್ತರು. ಚಕ್ರ ಸರಿಯಾಗಿಯೇ ಇಳಿದಿತ್ತು, ಹೋಗಿದ್ದು ಬಲ್ಬು. ನಿಮ್ಮ ಕೋ-ಪೈಲಟ್ "ಸರ್, ಎತ್ತರ ನೋಡಿ" ಅಂತ ಒಂದು ಸಲ ಅಂದರೂ ಸಾಕು, ಅವನು ಪಾತ್ರವಾಗುತ್ತಾನೆ.

ಇನ್ನು ಗಗನಸಖಿ. ಅಳಿಸಬೇಡಿ ಆಕೆಯನ್ನು. ಕ್ಯಾಪ್ಟನ್ ಆಕೆಯನ್ನು ಕರೆದು ಏನಾಗಿದೆ, ಏನು ಮಾಡುತ್ತೇವೆ, ಎಷ್ಟು ಹೊತ್ತಿದೆ ಅಂತ ಹೇಳುತ್ತಾನೆ. ಆಕೆ ಅದನ್ನು ತಿರುಗಿ ಒಪ್ಪಿಸುತ್ತಾಳೆ. ಆಮೇಲೆ ಕ್ಯಾಬಿನ್‌ನಲ್ಲಿ ಕೈಗೆ ಬಿಡುವಿಲ್ಲ.

ನನಗೆ ನಿಜಕ್ಕೂ ಹಿಡಿಸಿದ್ದು ಪಾಂಡವಪುರದ ಅಜ್ಜಿ. ಬೆಲ್ಲದ ಅಚ್ಚಿನ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡೇ ಬೆಲ್ಟ್ ಬಿಗಿದುಕೊಳ್ಳುತ್ತಾರೆ, "ಕೆಳಗಿಟ್ರೆ ಇರುವೆ ಹತ್ತುತ್ತೆ ಕಣವ್ವ" ಅನ್ನುತ್ತಾರೆ. ಆದರೆ ಅಪಾಯದಲ್ಲಿ ಇಳಿಯುವಾಗ ಮಡಿಲಲ್ಲಿ ಏನೂ ಇಟ್ಟುಕೊಳ್ಳಲು ಬಿಡುವುದಿಲ್ಲ. ಆ ಚೀಲವನ್ನು ಅಜ್ಜಿಯ ಕೈಯಿಂದ ಬಿಡಿಸಬೇಕಲ್ವಾ? ನೀವು ಆ ದೃಶ್ಯದ ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದೀರಿ.

ಕ್ಯಾಪ್ಟನ್‌ನ ಕಾಲೇಜು ಪ್ರೇಮದ ಫ್ಲ್ಯಾಶ್‌ಬ್ಯಾಕ್ ಪೂರ್ತಿ ತೆಗೆಯಿರಿ. ಎರಡು ಸಾವಿರ ಪದ ಮೀರದ ಹಾಗೆ ತಿದ್ದಿ ಕಳಿಸಿ. ನುಡಿ ಫಾಂಟ್ ಬೇಡ, ಯೂನಿಕೋಡ್‌ನಲ್ಲೇ ಇರಲಿ.