ಸಾಹಿತ್ಯ, ನಂಬಿಕೆ, ವ್ಯಾಪಾರ, ಶಿಕ್ಷಣ: ಇವಕ್ಕೂ ದಿನನಿತ್ಯದ ಬದುಕಿಗೂ ಏನು ಸಂಬಂಧ?

ಇವು ನಾಲ್ಕೂ ಬೇರೆ ಬೇರೆ ಅನ್ನಿಸುವುದು ಪಠ್ಯಪುಸ್ತಕದಲ್ಲಿ ಮಾತ್ರ. ಬದುಕಿನಲ್ಲಿ ಬೆರೆತೇ ಇರುತ್ತವೆ.

ಇಟಲಿಯ ಲೂಕಾ ಪಚೋಲಿ ಅವರನ್ನೇ ನೋಡಿ. ಕ್ರೈಸ್ತ ಸನ್ಯಾಸಿ, ಗಣಿತದ ಮೇಷ್ಟ್ರು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ವ್ಯಾಪಾರಿಗಳು ಲೆಕ್ಕ ಬರೆಯುವ ಕ್ರಮವನ್ನು ವಿವರಿಸಿದರು. ಪ್ರತಿ ವ್ಯವಹಾರವೂ ಎರಡು ಕಡೆ ಬರಬೇಕು: ಒಂದು ಖಾತೆಗೆ ಡೆಬಿಟ್, ಇನ್ನೊಂದಕ್ಕೆ ಕ್ರೆಡಿಟ್. ಇದು ಅವರು ಕಂಡುಹಿಡಿದದ್ದಲ್ಲ, ವ್ಯಾಪಾರಿಗಳಲ್ಲಿ ಮೊದಲೇ ಇತ್ತು. ಪಂಡಿತರ ಲ್ಯಾಟಿನ್ ಬಿಟ್ಟು ಜನರ ಮಾತಿನಲ್ಲಿ ಬರೆದರಲ್ಲ, ನನಗೆ ಜಾಸ್ತಿ ಇಷ್ಟವಾಗುವುದು ಅದೇ. ಲೆಕ್ಕದ ಪುಸ್ತಕವನ್ನು ದೇವರ ಹೆಸರಿನಿಂದ ಶುರು ಮಾಡಿ ಅಂತಲೂ ಹೇಳಿದ್ದಾರೆ.

ಇವತ್ತು ನೀವು ಫೋನಿನಲ್ಲಿ ಗೆಳೆಯರಿಗೆ ದುಡ್ಡು ಕಳಿಸಿದಾಗ ನಡೆಯುವುದೂ ಇದೇ ಜೋಡಿ ಲೆಕ್ಕ. ನೋಟು ಕಣ್ಣಿಗೆ ಕಾಣುವುದಿಲ್ಲ, ಪರದೆಯ ಮೇಲಿನ ಅಂಕಿಯನ್ನು ನಂಬುತ್ತೀರಿ. ನಂಬಿಕೆ ಅಂದರೆ ಬರೀ ಪೂಜೆ, ಪ್ರಾರ್ಥನೆ ಅಲ್ಲ, ಅಲ್ವಾ?

ಕಥೆ-ಕವಿತೆಯ ಕೆಲಸ ಇಷ್ಟು ನೇರವಾಗಿ ಕಾಣುವುದಿಲ್ಲ. ಆದರೆ ಸಾಲ ಕೇಳಲು ಬಂದವರು ಮಾತು ಶುರು ಮಾಡಲಾಗದೆ ಹವಾಮಾನದ ಬಗ್ಗೆ ಮಾತಾಡುತ್ತಾ ಕೂತಾಗ, ಅವರ ಸಂಕೋಚ ನಮಗೆ ಅರ್ಥವಾಗುತ್ತದೆ. ಆ ಗಮನ ಎಷ್ಟೋ ಸಲ ಬಂದಿರುವುದು ಓದಿದ ಕಥೆಗಳಿಂದ.