ಫರಾಜ್‌ಗೆ ಹೆದರಿ ಫರಾಜ್ ದಾರಿ ಹಿಡಿದರೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ಲೇಬರ್ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿದ್ದೀರಿ. ನನ್ನ ಮಗಳು ಲಂಡನ್ನಿನ ಹೌನ್ಸ್ಲೋದಲ್ಲಿ ಕೇರ್ ಹೋಮ್ (ವೃದ್ಧರನ್ನು ನೋಡಿಕೊಳ್ಳುವ ಆರೈಕೆ ಕೇಂದ್ರ) ಕೆಲಸದಲ್ಲಿದ್ದಾಳೆ. ನಾಳೆ ವಲಸೆ ವಿರೋಧಿ ರಿಫಾರ್ಮ್ ಯುಕೆ ಪಕ್ಷದ ನೈಜೆಲ್ ಫರಾಜ್ ಅಧಿಕಾರಕ್ಕೆ ಬಂದರೆ ಅವಳ ಗತಿ ಏನು? ಈಗ ಲೇಬರ್ ಪಕ್ಷವನ್ನು ಬೈದರೆ ಲಾಭ ಆಗೋದು ಫರಾಜ್‌ಗೇ ಅಲ್ವಾ? ರಿಷಿ ಸುನಕ್ ಇದ್ದಿದ್ದರೆ ಈ ಗೋಳೇ ಇರಲಿಲ್ಲ. ಎಷ್ಟಾದರೂ ನಮ್ಮ ಕಡೆಯ ಅಳಿಯ. ಮಗಳಿಗೆ ಅಲ್ಲಿ ಓಟು ಕೂಡ ಇಲ್ಲ. ನಾವು ಸುಮ್ನೆ ನೋಡುತ್ತಾ ಕೂರಬೇಕಷ್ಟೆ.
– ಒಬ್ಬ ತಂದೆ, ದಾವಣಗೆರೆ

ಸಂಪಾದಕರ ಉತ್ತರ:

ನಿಮ್ಮ ಆತಂಕ ನ್ಯಾಯವಾದದ್ದು. ಮಗಳು ದೂರದಲ್ಲಿರುವಾಗ ಅಲ್ಲಿನ ರಾಜಕೀಯ ನಮ್ಮ ಮನೆಯ ವಿಷಯವೇ ಆಗಿಬಿಡುತ್ತದೆ. ಆದರೆ ಲೇಬರ್ ಪಕ್ಷವನ್ನು ಟೀಕಿಸಬಾರದು ಅನ್ನೋದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾನು ಆ ಪಕ್ಷದ ಪರವೇ. ಕಾರ್ಮಿಕ ಸಂಘಗಳು ಸೇರಿ ಕಟ್ಟಿದ ಪಕ್ಷ ಅದು. ಕೈಯಲ್ಲಿ ಕಾಸಿಲ್ಲದವರಿಗೂ 1948ರಲ್ಲಿ ಆಸ್ಪತ್ರೆಯ ಬಾಗಿಲು ತೆರೆದ ಪಕ್ಷ. ಹಾಗಾಗಿಯೇ ಅದು ದಾರಿ ತಪ್ಪಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಮೊದಲು ಸುನಕ್ ವಿಷಯ ಮುಗಿಸೋಣ. ಕೇರ್ ಕೆಲಸಕ್ಕೆ ಬರುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ ಎಂಬ ನಿಯಮ ಜಾರಿಯಾದದ್ದು 2024ರ ಮಾರ್ಚ್ 11ರಂದು. ಆಗ ಪ್ರಧಾನಿ ಸುನಕ್. ಹುಬ್ಬಳ್ಳಿಯ ನಂಟು ನಮಗೆ ಖುಷಿ ಕೊಡಬಹುದು. ನಿಮ್ಮ ಮಗಳಂಥವರಿಗೆ ಅದರಿಂದ ನಯಾಪೈಸೆಯ ಉಪಯೋಗ ಆಗಲಿಲ್ಲ.

ಇನ್ನು ಲೇಬರ್. 2024ರ ಜುಲೈನಲ್ಲಿ ಆ ಪಕ್ಷದ ನಾಯಕ ಕಿಯರ್ ಸ್ಟಾರ್ಮರ್ 411 ಸೀಟು ಗೆದ್ದು ಪ್ರಧಾನಿಯಾದರು, ನಿಜ. ಆದರೆ ಬಿದ್ದ ಓಟು ಶೇ 34ರ ಆಸುಪಾಸು. 2019ರಲ್ಲಿ ಹೀನಾಯವಾಗಿ ಸೋತಾಗಲೂ ಆ ಪಕ್ಷಕ್ಕೆ ಒಂದು ಕೋಟಿಗೂ ಜಾಸ್ತಿ ಓಟು ಬಂದಿತ್ತು. ಗೆದ್ದಾಗ ಬಂದದ್ದು 97 ಲಕ್ಷ! ಅದೇ ಚುನಾವಣೆಯಲ್ಲಿ ಫರಾಜ್ ಅವರ ರಿಫಾರ್ಮ್ ಯುಕೆ 41 ಲಕ್ಷ ಓಟು ಪಡೆದು ಐದೇ ಸೀಟು ಗೆದ್ದಿತು. ಲಿಬರಲ್ ಡೆಮಾಕ್ರಾಟರು 35 ಲಕ್ಷ ಓಟಿಗೆ 72 ಸೀಟು ಪಡೆದರು. ನಮ್ಮಲ್ಲಿರುವಂತೆ ಅಲ್ಲೂ ಕ್ಷೇತ್ರದಲ್ಲಿ ಮುಂದಿರುವವರೇ ಗೆದ್ದಂತೆ. ಅಂದರೆ ಸ್ಟಾರ್ಮರ್‌ಗೆ ಸಿಕ್ಕಿದ್ದು ಜನರ ಪ್ರೀತಿಯಲ್ಲ, ಒಂದು ಅವಕಾಶ.

ಆ ಅವಕಾಶವನ್ನು ಏನು ಮಾಡಿದರು? ತಿಂಗಳು ತುಂಬುವ ಮೊದಲೇ ಹಣಕಾಸು ಸಚಿವೆ ರೇಚಲ್ ರೀವ್ಸ್ ವೃದ್ಧರ ಚಳಿಗಾಲದ ಇಂಧನ ಭತ್ಯೆಗೆ ಕೈ ಹಾಕಿದರು. ಸುಮಾರು ಒಂದು ಕೋಟಿ ಹಿರಿಯರಿಗೆ 200–300 ಪೌಂಡ್ ನಿಂತುಹೋಯಿತು. ಬಡ ಕುಟುಂಬಗಳಿಗೆ ಎರಡೇ ಮಕ್ಕಳ ಲೆಕ್ಕದಲ್ಲಿ ನೆರವು ಕೊಡುವ ಕನ್ಸರ್ವೇಟಿವ್ (ಸುನಕ್ ಅವರ ಪಕ್ಷ) ಕಾಲದ ಮಿತಿಯನ್ನು ತೆಗೆಯಿರಿ ಎಂದು ಓಟು ಹಾಕಿದ ತಮ್ಮದೇ ಏಳು ಸಂಸದರನ್ನು ಸಂಸದೀಯ ಪಕ್ಷದಿಂದ ಅಮಾನತು ಮಾಡಿದರು. ಆಮೇಲೆ ಎರಡರಲ್ಲೂ ಹಿಂದೆ ಸರಿದರು. ಭತ್ಯೆ 2025ರ ಜೂನ್‌ನಲ್ಲಿ ಬಹುಪಾಲು ಜನರಿಗೆ ವಾಪಸ್ ಬಂತು. ಎರಡು ಮಕ್ಕಳ ಮಿತಿ 2026ರ ಏಪ್ರಿಲ್‌ನಿಂದ ರದ್ದು ಎಂದು ನವೆಂಬರ್ ಬಜೆಟ್‌ನಲ್ಲಿ ಘೋಷಿಸಿದರು. ಒಳ್ಳೆಯದೇ ಆಯಿತು. ಆದರೆ ಇದನ್ನೇ ಮೊದಲ ದಿನ ಮಾಡಿದ್ದರೆ ಜನ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು.

ನನಗೆ ಇದಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ವಲಸಿಗರ ವಿಷಯ. 2025ರ ಮೇನಲ್ಲಿ ಸ್ಟಾರ್ಮರ್, ದೇಶ ಅಪರಿಚಿತರ ದ್ವೀಪವಾಗುವ ಅಪಾಯವಿದೆ ಎಂದರು. ಆ ಮಾತಿಗೆ ಆಮೇಲೆ ವಿಷಾದಿಸಿದರು ಅನ್ನಿ. ಜುಲೈನಲ್ಲಿ ಹೊರದೇಶದಿಂದ ಕೇರ್ ಕೆಲಸಗಾರರನ್ನು ಹೊಸದಾಗಿ ಕರೆಸುವುದನ್ನೇ ನಿಲ್ಲಿಸಿದರು. ಸೆಪ್ಟೆಂಬರ್‌ನಲ್ಲಿ ಫರಾಜ್, ಕಾಯಂ ವಾಸದ ಹಕ್ಕನ್ನೇ ತೆಗೆದುಹಾಕುತ್ತೇನೆ ಎಂದಾಗ ಸ್ಟಾರ್ಮರ್ ಅದನ್ನು ಜನಾಂಗೀಯ ದ್ವೇಷದ ನೀತಿ ಎಂದು ಖಂಡಿಸಿದರು. ಸರಿಯಾಗಿಯೇ ಹೇಳಿದರು. ಎರಡೇ ತಿಂಗಳಿಗೆ ಅವರದೇ ಗೃಹ ಸಚಿವೆ ಶಬಾನಾ ಮಹಮೂದ್ ತಂದ ಪ್ರಸ್ತಾಪ ನೋಡಿ. ಕಾಯಂ ವಾಸಕ್ಕೆ ಐದು ವರ್ಷ ಕಾಯಬೇಕಿದ್ದವರು ಇನ್ನು ಮುಂದೆ ಹತ್ತು ವರ್ಷ ಕಾಯಬೇಕು. ಕೇರ್ ಕೆಲಸಗಾರರಾದರೆ ಹದಿನೈದು! ಈಗಾಗಲೇ ಅಲ್ಲಿದ್ದು ದಿನ ಎಣಿಸುತ್ತಿರುವವರಿಗೂ ಇದು ಅನ್ವಯಿಸುತ್ತದಂತೆ. ಅಲ್ಲಿನ ಮುದುಕರನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ರಾತ್ರಿ ಪಾಳಿ ಮಾಡುವ ಹೆಣ್ಣುಮಕ್ಕಳು ಮಾಡಿದ ತಪ್ಪಾದರೂ ಏನು? ಫರಾಜ್ ಬಂದರೆ ಏನಾದೀತು ಎಂದು ಕೇಳಿದ್ದೀರಿ. ಅವರು ಬರುವ ಮೊದಲೇ ಇಷ್ಟು ಆಗಿದೆ ಸ್ವಾಮಿ.

ಇಷ್ಟು ಮಾಡಿದ್ದಕ್ಕೆ ಓಟಾದರೂ ಬಂತೇ? 2025ರ ಮೇ 1ರಂದು ರನ್‌ಕಾರ್ನ್ ಆಂಡ್ ಹೆಲ್ಸ್‌ಬಿ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಹಿಂದಿನ ವರ್ಷವಷ್ಟೇ ಲೇಬರ್ 14 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದಿದ್ದ ಸೀಟು. ಮರು ಎಣಿಕೆ ಮಾಡಿ ನೋಡಿದರೆ ರಿಫಾರ್ಮ್‌ಗೆ 12,645, ಲೇಬರ್‌ಗೆ 12,639. ಆರು ಓಟು! ಇಂಧನ ಭತ್ಯೆ ಕಳಕೊಂಡು ಮುನಿಸಿಕೊಂಡ ಒಂದು ಬೀದಿಯ ಅಜ್ಜಿಯರು ಬಂದು ಓಟು ಹಾಕಿದ್ದರೂ ಸಾಕಿತ್ತು.

ಅಕ್ಟೋಬರ್‌ನಲ್ಲಿ ವೇಲ್ಸ್‌ನ ಕಾರ್ಫಿಲಿಯಲ್ಲಿ ನಡೆದದ್ದು ಇನ್ನೂ ದೊಡ್ಡ ಪಾಠ. ಕಲ್ಲಿದ್ದಲು ಗಣಿಗಳ ಸೀಮೆ ಅದು, ಒಂದು ಶತಮಾನದಿಂದ ಲೇಬರ್ ಕೋಟೆ. ಅಲ್ಲಿನ ಸೆನೆಡ್ (ವೇಲ್ಸ್‌ನ ಶಾಸನಸಭೆ) ಉಪಚುನಾವಣೆಯಲ್ಲಿ ಲೇಬರ್ ಶೇ 11 ಓಟಿಗೆ ಇಳಿದು ಮೂರನೆಯ ಸ್ಥಾನಕ್ಕೆ ಬಿತ್ತು. ಆದರೆ ಗೆದ್ದದ್ದು ರಿಫಾರ್ಮ್ ಅಲ್ಲ. ಶೇ 47 ಓಟು ಪಡೆದು ವೇಲ್ಸ್‌ನ ಪ್ರಾದೇಶಿಕ ಪಕ್ಷ ಪ್ಲೈಡ್ ಕಮ್ರಿ ಗೆದ್ದಿತು. ವಲಸಿಗರ ಮೇಲೆ ಹಗೆ ಕಾರದೆ, ಫರಾಜ್‌ಗೆ ನೇರವಾಗಿ ಎದುರು ನಿಂತ ಎಡಪಂಥದ ಪಕ್ಷ ಅದು. ರಿಫಾರ್ಮ್ ಬೇಡ ಅನ್ನುವ ಜನ ಅಲ್ಲಿ ಧಾರಾಳವಾಗಿದ್ದರು. ಅವರಿಗೆ ಲೇಬರ್ ಮೇಲಿನ ನಂಬಿಕೆ ಹೋಗಿತ್ತು ಅಷ್ಟೇ. ಫರಾಜ್ ಮಾತನ್ನೇ ಆಡುವ ಲೇಬರ್, ಫರಾಜ್ ಬೆಂಬಲಿಗರಿಗೂ ಬೇಕಿಲ್ಲ, ವಿರೋಧಿಗಳಿಗೂ ಬೇಕಿಲ್ಲ. ಇದನ್ನು ಬಾಯಿ ಬಿಟ್ಟು ಹೇಳಿದರೆ ಫರಾಜ್‌ಗೆ ಲಾಭ ಎಂದು ನನಗೆ ಅನಿಸುವುದಿಲ್ಲ. ಲೇಬರ್ ಹೀಗೇ ಮುಂದುವರಿದರೆ ಅವರಿಗೆ ಖಂಡಿತ ಲಾಭ.

ಕೊನೆಯದಾಗಿ ಓಟಿನ ವಿಷಯ. ನಿಮ್ಮ ಮಗಳಿಗೆ ಅಲ್ಲಿ ಓಟು ಇದೆ. ಕಾಮನ್‌ವೆಲ್ತ್ ದೇಶದ ಪ್ರಜೆಗಳು ವೀಸಾದ ಮೇಲೆ ಅಲ್ಲಿ ನೆಲೆಸಿದ್ದರೆ, ಬ್ರಿಟಿಷ್ ಪೌರತ್ವ ಇಲ್ಲದಿದ್ದರೂ ಪಾರ್ಲಿಮೆಂಟಿನಿಂದ ಕೌನ್ಸಿಲ್‌ವರೆಗೆ ಎಲ್ಲ ಚುನಾವಣೆಗಳಲ್ಲೂ ಮತ ಹಾಕಬಹುದು. ಭಾರತೀಯರೂ ಇದರಲ್ಲಿ ಸೇರಿದ್ದಾರೆ. ಅಲ್ಲಿರುವ ಎಷ್ಟೋ ಕನ್ನಡಿಗರಿಗೆ ಇದು ಗೊತ್ತೇ ಇರುವುದಿಲ್ಲ. 2026ರ ಮೇ 7ರಂದು ಲಂಡನ್ನಿನ ಎಲ್ಲ ‘ಬರೋ’ಗಳ, ಅಂದರೆ ನಗರದ ಆಡಳಿತ ವಿಭಾಗಗಳ, ಕೌನ್ಸಿಲ್‌ಗಳಿಗೂ ಚುನಾವಣೆ. ಹೌನ್ಸ್ಲೋ ಕೂಡ ಅದರಲ್ಲಿ ಬರುತ್ತದೆ. ಮತದಾನಕ್ಕೆ 12 ಕೆಲಸದ ದಿನ ಇರುವಾಗಲೇ ಹೆಸರು ನೋಂದಾಯಿಸಿರಬೇಕು. ಆನ್‌ಲೈನ್‌ನಲ್ಲೇ ಆಗುತ್ತದೆ. ಮತಗಟ್ಟೆಯಲ್ಲಿ ಫೋಟೊ ಇರುವ ಗುರುತುಪತ್ರ ಕೇಳುತ್ತಾರೆ, ನಮ್ಮ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಇವತ್ತೇ ಮಗಳಿಗೆ ಫೋನ್ ಮಾಡಿ ಹೇಳಿ. ಓಟು ಕೇಳಲು ಬಂದ ಲೇಬರ್ ಅಭ್ಯರ್ಥಿಗೆ ಆ ಹದಿನೈದು ವರ್ಷದ ಪ್ರಸ್ತಾಪದ ಬಗ್ಗೆ ನಿಮ್ಮ ನಿಲುವೇನು ಎಂದು ಅವಳು ಬಾಗಿಲಲ್ಲೇ ಕೇಳಲಿ.