ಅಷ್ಟು ದೂರ ಹೋಗಿ ಕುರಿ ನೋಡೋಕಾ?

ಓದುಗರ ಪತ್ರ: "ಸಂಪಾದಕರೇ, ನಮ್ಮ ಮಗಳು ಈ ಸಲ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ನವೆಂಬರಿಗೆ 16 ತುಂಬುತ್ತದೆ. ರೋಟರಿಯ ವಿದ್ಯಾರ್ಥಿ ವಿನಿಮಯದಲ್ಲಿ ಒಂದು ವರ್ಷ ಆಸ್ಟ್ರೇಲಿಯಾಕ್ಕೆ ಆಯ್ಕೆಯಾಗಿದ್ದಾಳೆ, ಜುಲೈನಲ್ಲಿ ಹೊರಡಬೇಕು. ನಾವು ಸಿಡ್ನಿ ಅಂದುಕೊಂಡಿದ್ದೆವು. ಕೊಟ್ಟಿರುವುದು ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲೇ, ಆದರೆ ಒಳನಾಡಿನ ರಿವರೀನಾ ಕಡೆ, ಊರಿನಿಂದಲೂ ಆಚೆ ಇರುವ ಕುರಿ ಮತ್ತು ಗೋಧಿಯ ಫಾರ್ಮ್. ನಾವು ಮೊಟ್ಟೆಯನ್ನೂ ತಿನ್ನುವವರಲ್ಲ. 'ಅಷ್ಟು ದೂರ ಹೋಗಿ ಕುರಿ ನೋಡೋಕಾ?' ಅಂತಾರೆ ಅವಳ ಅಜ್ಜಿ. ನೀವು ಹಾಕಿದ್ದ ಸಿಡ್ನಿ ಪ್ರವಾಸದ ಲೇಖನದಿಂದ ನಮಗೇನೂ ಗೊತ್ತಾಗಲಿಲ್ಲ. ಅಲ್ಲಿ ಅವಳ ದಿನ ಹೇಗಿರುತ್ತದೆ? ಊಟಕ್ಕೇನು? ಹಾವುಗೀವು ಜಾಸ್ತಿಯಂತೆ, ನಿಜವಾ? ಏನು ಕೊಟ್ಟು ಕಳಿಸಬೇಕು?"
– ಒಬ್ಬ ತಾಯಿ, ಚನ್ನರಾಯಪಟ್ಟಣ

ಸಂಪಾದಕರ ಉತ್ತರ:

ನಮಸ್ಕಾರ ಅಮ್ಮ. ನಮ್ಮಕ್ಕನ ಮಗ ಇದೇ ರಿವರೀನಾದಲ್ಲಿ ಒಂದು ವರ್ಷ ಇದ್ದು ಬಂದವನು. ಇಲ್ಲಿ ಬರೆದಿರುವುದರಲ್ಲಿ ಅರ್ಧ ಅವನ ಬಾಯಿಂದ ಕೇಳಿದ್ದು.

ಅಜ್ಜಿಯ ಪ್ರಶ್ನೆಗೇ ಮೊದಲು ಬರುತ್ತೇನೆ. ಹೌದು, ಕುರಿ ನೋಡೋಕೇ. ನೋಡೋದಷ್ಟೇ ಅಲ್ಲ, ಅವುಗಳ ಹಿಂದೆ ಓಡೋಕೂ. ನನ್ನ ಪ್ರಕಾರ ಸಿಡ್ನಿಗಿಂತ ಇದೇ ಒಳ್ಳೆಯದು. ಹಾವಿಗೂ ಊಟಕ್ಕೂ ನೀವು ಇಷ್ಟು ಹೆದರಬೇಕಿಲ್ಲ. ಅವಳಿಗೆ ಕಷ್ಟವಾಗುವುದು ಅಲ್ಲಿನ ದೂರ. ಇಡೀ ಆಸ್ಟ್ರೇಲಿಯಾದಲ್ಲಿ ಇರುವುದೇ ಸುಮಾರು 2.7 ಕೋಟಿ ಜನ, ನಮ್ಮ ಕರ್ನಾಟಕದ ಅರ್ಧಕ್ಕಿಂತ ಕಡಿಮೆ. ಅವರಲ್ಲೂ ಮುಕ್ಕಾಲುಪಾಲು ಕಡಲ ಬದಿಯ ನಗರಗಳಲ್ಲೇ ಇದ್ದಾರೆ. ಒಳನಾಡಿನ ಫಾರ್ಮ್‌ನಲ್ಲಿ ಪಕ್ಕದ ಮನೆ ಅಂದರೆ ಕೆಲವು ಕಿಲೋಮೀಟರ್ ಆಚೆ. ಸಂಜೆ ಸೈಕಲ್ ಹತ್ತಿ ಗೆಳತಿ ಮನೆಗೆ ಹೋಗಿ ಬರೋಣ ಅನ್ನುವ ಮಾತೇ ಇಲ್ಲ.

ಬೆಳಿಗ್ಗೆ ಆರೂವರೆಗೆಲ್ಲ ಏಳಬೇಕು. ಜುಲೈ ಅಲ್ಲಿ ನಟ್ಟನಡು ಚಳಿಗಾಲ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿರುತ್ತದೆ. ಆಸ್ಟ್ರೇಲಿಯಾ ಅಂದರೆ ಬಿಸಿಲು ಅಂದುಕೊಂಡು ಹೋದ ನಮ್ಮ ಹುಡುಗ ಮೊದಲ ವಾರ ಎರಡು ಸ್ವೆಟರ್ ಹಾಕಿಕೊಂಡೇ ಮಲಗಿದನಂತೆ. ಹಳೇ ಮನೆಗಳಲ್ಲಿ ಸೌದೆ ಒಲೆ ಇರುವ ಒಂದು ಕೋಣೆ ಮಾತ್ರ ಬೆಚ್ಚಗಿರುತ್ತದೆ. ಎದ್ದು ಕೋಳಿಗಳನ್ನು ಹೊರಗೆ ಬಿಟ್ಟು, ನಾಯಿಗಳಿಗೆ ನೀರಿಟ್ಟು, ಮಧ್ಯಾಹ್ನದ ಡಬ್ಬಿಯನ್ನು ಅವಳೇ ಕಟ್ಟಿಕೊಳ್ಳಬೇಕು. ಅಲ್ಲಿ ಅಮ್ಮ ಡಬ್ಬಿ ಕಟ್ಟಿ ಕೈಗೆ ಕೊಡುವ ರೂಢಿ ಆ ವಯಸ್ಸಿನ ಮಕ್ಕಳಿಗಿಲ್ಲ. ಮನೆಯಿಂದ ರಸ್ತೆಯ ಗೇಟಿಗೇ ಒಂದು ಕಿಲೋಮೀಟರ್ ಮೇಲಿರಬಹುದು. ಅಲ್ಲಿಗೆ ಶಾಲೆಯ ಬಸ್ ಬರುತ್ತದೆ. ಒಂದನೇ ಕ್ಲಾಸಿನ ಪುಟ್ಟ ಮಕ್ಕಳಿಂದ ಹನ್ನೆರಡನೇ ಕ್ಲಾಸಿನವರವರೆಗೆ ಎಲ್ಲರಿಗೂ ಅದೊಂದೇ ಬಸ್. ಮಣ್ಣುರಸ್ತೆಯಲ್ಲಿ ಮುಕ್ಕಾಲು ಗಂಟೆ.

ಶಾಲೆ ಒಂಬತ್ತರಿಂದ ಮೂರು ಮೂರೂಕಾಲರವರೆಗೆ. ಸರ್ಕಾರಿ ಶಾಲೆಯಾದರೆ ಮೊಬೈಲ್ ಬಂದ್. ನ್ಯೂ ಸೌತ್ ವೇಲ್ಸ್‌ನಲ್ಲಿ 2023ರಿಂದ ಇದೇ ನಿಯಮ. ಹಳ್ಳಿ ಕಡೆಯ ಎಷ್ಟೋ ಹೈಸ್ಕೂಲುಗಳಲ್ಲಿ ಕೃಷಿಯೂ ಒಂದು ವಿಷಯ, ಶಾಲೆಗೇ ಸ್ವಂತ ದನ, ಕುರಿ, ಬೆಳೆ ಇರುತ್ತವೆ. ಅದನ್ನು ತೆಗೆದುಕೊಳ್ಳಲು ಹೇಳಿ. ಓದಿನ ಒತ್ತಡ ನಮ್ಮಷ್ಟಿಲ್ಲ. ಆದರೆ ಆ ವರ್ಷ ಇಲ್ಲಿನ ಪಿಯುಸಿಗೆ ಲೆಕ್ಕಕ್ಕೆ ಬರುತ್ತದೆ ಅಂತ ನಂಬಿಕೊಳ್ಳಬೇಡಿ. ಬಂದಮೇಲೆ ಫಸ್ಟ್ ಪಿಯುಗೆ ಸೇರುತ್ತಾಳೆ ಅಂತಲೇ ಇಟ್ಟುಕೊಂಡು ಕಾಲೇಜಿನವರ ಹತ್ತಿರ ಈಗಲೇ ಮಾತಾಡಿ.

ಕುರಿಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅಜ್ಜಿಗೆ ಓದಿ ಹೇಳಿ. ಸೆಪ್ಟೆಂಬರ್ ಕೊನೆಗೆ ಎರಡು ವಾರ ರಜೆ ಬರುತ್ತದೆ. ನಮ್ಮ ಹುಡುಗನಿದ್ದ ಫಾರ್ಮ್‌ನಲ್ಲಿ ಉಣ್ಣೆ ಕತ್ತರಿಸುವ ಕೆಲಸ ಆ ರಜೆಯಲ್ಲೇ ಬಿತ್ತು. ಬೆಳಿಗ್ಗೆ ಏಳೂವರೆಗೆ ಗಂಟೆ ಬಾರಿಸುತ್ತದೆ. ಎರಡು ಗಂಟೆ ಕೆಲಸ, ಅರ್ಧ ಗಂಟೆ ಟೀ. ಮತ್ತೆ ಎರಡು ಗಂಟೆ ಕೆಲಸ, ಒಂದು ಗಂಟೆ ಊಟ. ಸಂಜೆ ಐದೂವರೆವರೆಗೂ ಹೀಗೇ, ಒಂದು ನಿಮಿಷ ಆಚೀಚೆ ಆಗುವುದಿಲ್ಲ. ಕತ್ತರಿಸುವವರು ಕೂಲಿ ತೆಗೆದುಕೊಳ್ಳುವುದು ಕುರಿಯ ಲೆಕ್ಕದಲ್ಲಿ, ಹಾಗಾಗಿ ಯಾರೂ ತಲೆ ಎತ್ತುವುದಿಲ್ಲ. ಒಂದು ಕುರಿಗೆ ಎರಡು ಮೂರು ನಿಮಿಷ. ಮೆರಿನೋ ಕುರಿಯ ಉಣ್ಣೆ ತುಂಡಾಗದೆ ಇಡಿಯಾಗಿ ಕಳಚಿ ಬರುತ್ತದೆ. ಅದನ್ನು ಎರಡೂ ತೋಳಲ್ಲಿ ಬಾಚಿಕೊಂಡು ಓಡಿ, ಸಂದು ಬಿಟ್ಟು ಪಟ್ಟಿ ಜೋಡಿಸಿದ ಮೇಜಿನ ಮೇಲೆ ಹಾಸಿಗೆಗೆ ಚಾದರ ಬೀಸಿದ ಹಾಗೆ ಬೀಸಿ ಹರಡಬೇಕು. ಆಮೇಲೆ ಅಂಚಿನ ಕೊಳಕು ಕಿತ್ತು ಬೇರೆ ಹಾಕಬೇಕು. ಮನೆಮಕ್ಕಳಿಗೆ ಸಿಗುವುದು ಈ ಕೆಲಸ. ಹುಡುಗ ಮೊದಲು ಬೀಸಿದ್ದು ಗಂಟುಗಂಟಾಗಿ ಮೇಜಿನಾಚೆ ನೆಲಕ್ಕೆ ಬಿತ್ತಂತೆ. ಎಲ್ಲರೂ ನಕ್ಕರು, ಅವನೂ ನಕ್ಕ. ಮೂರನೇ ದಿನಕ್ಕೆ ಕೈ ಕುದುರಿತು. ಉಣ್ಣೆಯ ಜಿಡ್ಡಿಗೆ ಅಂಗೈ ಮೆತ್ತಗಾಗಿ, ವಾಸನೆ ಮಾತ್ರ ಸೋಪಿಗೂ ಹೋಗಲಿಲ್ಲವಂತೆ.

ಆ ವಾರದಿಂದಲೇ ಅವನನ್ನು ಅಲ್ಲಿ ನೆಂಟರ ಹುಡುಗನ ಹಾಗೆ ನೋಡುವುದು ನಿಂತಿತು. ಇದನ್ನು ನೀವು ಗಮನಿಸಬೇಕು. ರೋಟರಿ ವಿನಿಮಯದಲ್ಲಿ ಮನೆಯವರಿಗೆ ದುಡ್ಡು ಕೊಡುವುದಿಲ್ಲ, ಇಷ್ಟಪಟ್ಟು ಇಟ್ಟುಕೊಳ್ಳುತ್ತಾರೆ. ವರ್ಷದಲ್ಲಿ ಎರಡು ಮೂರು ಮನೆ ಬದಲಾಗುವುದೂ ಸಾಮಾನ್ಯ. ನಿಮ್ಮ ಮಗಳು ಪೇಯಿಂಗ್ ಗೆಸ್ಟ್ ಅಲ್ಲ. ತಟ್ಟೆ ತೊಳೆಯುವುದು, ಬಟ್ಟೆ ಒಣಹಾಕುವುದು, ಬಾತ್‌ರೂಮ್ ಉಜ್ಜುವುದು ಎಲ್ಲ ಅವಳ ಪಾಲಿಗೂ ಬರುತ್ತದೆ. ಸ್ನಾನ ನಾಲ್ಕು ನಿಮಿಷದಲ್ಲಿ ಮುಗಿಸು ಅಂದರೆ ಜಿಪುಣತನ ಅಂದುಕೊಳ್ಳದಿರಲಿ. ಮನೆಯ ನೀರೆಲ್ಲ ಛಾವಣಿಯಿಂದ ಟ್ಯಾಂಕಿಗಿಳಿದ ಮಳೆನೀರು. ಖಾಲಿಯಾದರೆ ದುಡ್ಡು ಕೊಟ್ಟು ಟ್ಯಾಂಕರ್ ತರಿಸಬೇಕು.

ಬಸ್ಸಿಳಿದು ಮನೆಗೆ ಬಂದಾಗ ನಾಲ್ಕು ದಾಟಿರುತ್ತದೆ. ಸಂಜೆ ಆರೂವರೆಗೆ ರಾತ್ರಿ ಊಟ. ಅವೆರಡರ ನಡುವಿನ ಹೊತ್ತೇ ಕಷ್ಟದ್ದು. ಮೊದಲ ತಿಂಗಳು ಎಲ್ಲ ಹೊಸದು, ಹೇಗೋ ಕಳೆಯುತ್ತದೆ. ಆಮೇಲೆ ಬೇಜಾರು ಶುರು. ಗೆಳತಿಯರು ಒಬ್ಬೊಬ್ಬರು ಒಂದೊಂದು ದಿಕ್ಕಿನಲ್ಲಿ. ಅಲ್ಲಿನ ಮಕ್ಕಳು 16ಕ್ಕೆ ಕಲಿಕಾ ಲೈಸೆನ್ಸ್ ತೆಗೆಸುತ್ತಾರೆ, ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು 120 ಗಂಟೆ ಓಡಿಸಿ ಪುಸ್ತಕದಲ್ಲಿ ಬರೆದಿಡುತ್ತಾರೆ. ನಿಮ್ಮವಳಿಗೆ ಆ ಭಾಗ್ಯವಿಲ್ಲ. ವಿನಿಮಯದ ಮಕ್ಕಳು ಗಾಡಿ ಓಡಿಸುವ ಹಾಗಿಲ್ಲ, ಫಾರ್ಮ್ ಒಳಗಿನ ಬೈಕ್ ಕೂಡ. ಯಾರಾದರೂ ಆಸೆ ತೋರಿಸಿದರೂ ಬೇಡ ಅನ್ನಲಿ, ವಾಪಸ್ ಕಳಿಸಿಬಿಡುತ್ತಾರೆ.

ಈ ಬೇಜಾರಿಗೆ ನನಗೆ ಗೊತ್ತಿರುವ ಮದ್ದು ಶನಿವಾರ. ಚಳಿಗಾಲದಲ್ಲಿ ಶನಿವಾರ ಬಂತೆಂದರೆ ಸುತ್ತಲಿನ ಫಾರ್ಮ್‌ನವರೆಲ್ಲ ಊರಿನ ಮೈದಾನದಲ್ಲಿ. ಗಂಡುಮಕ್ಕಳದು ಫುಟ್‌ಬಾಲ್, ಹೆಣ್ಣುಮಕ್ಕಳದು ಬ್ಯಾಸ್ಕೆಟ್‌ಬಾಲಿನಂಥ ನೆಟ್‌ಬಾಲ್. ಬೇಸಿಗೆಗೆ ಕ್ರಿಕೆಟ್. ಆಡೋಕೆ ಬರದಿದ್ದರೂ ಪರವಾಗಿಲ್ಲ, ಸ್ಕೋರ್ ಬರೆಯಲಿ, ಕ್ಯಾಂಟೀನಿನಲ್ಲಿ ಚಿಪ್ಸ್ ಕಟ್ಟಿ ಕೊಡಲಿ. ಆದರೆ ಯಾರಾದರೂ ಕರೆದಾಗ ಹೋಗದೆ ರೂಮಿನಲ್ಲಿ ಕೂರಬಾರದು.

ಫೋನಿನ ವಿಷಯ ನಿಮಗೆ ಹಿಡಿಸಲಿಕ್ಕಿಲ್ಲ. ದಿನಾ ಕರೆ ಮಾಡಬೇಡಿ. ವಾರಕ್ಕೊಂದು ಸಲ, ಭಾನುವಾರ ಸಾಕು. ನಮ್ಮ ಹುಡುಗ ದಿನಾ ಒಂದು ಗಂಟೆ ಮನೆಗೆ ಮಾತಾಡುತ್ತಿದ್ದಷ್ಟು ಕಾಲ ಅತ್ತುಕೊಂಡೇ ಇದ್ದ. ಜುಲೈನಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಅಕ್ಟೋಬರಿನಿಂದ ಏಪ್ರಿಲ್ ಮೊದಲವರೆಗೆ ಐದೂವರೆ. ನೀವು ರಾತ್ರಿ ಊಟ ಮುಗಿಸಿ ಒಂಬತ್ತಕ್ಕೆ ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ ದಾಟಿರುತ್ತದೆ. ಇನ್ನೊಂದು: 2025ರ ಡಿಸೆಂಬರ್ 10ರಿಂದ 16 ತುಂಬದ ಮಕ್ಕಳು ಅಲ್ಲಿ ಇನ್‌ಸ್ಟಾಗ್ರಾಂ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ. ನವೆಂಬರಿನವರೆಗೆ ಅವಳಿಗೆ ಅದಿಲ್ಲ ಅಂತ ಈಗಲೇ ಹೇಳಿಬಿಡಿ. ವಾಟ್ಸಾಪ್‌ಗೆ ಅಡ್ಡಿಯಿಲ್ಲ.

ಹಾವು ಇದೆ, ಕಂದು ಹಾವು ವಿಷದ್ದೇ. ಬೇಸಿಗೆಯಲ್ಲಿ ಹುಲ್ಲಿಗಿಳಿದರೆ ಬೂಟು ಹಾಕಬೇಕು. ಕಚ್ಚಿದರೆ ಗಾಯ ತೊಳೆಯದೆ, ಇಡೀ ಕೈಯೋ ಕಾಲೋ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ಅಲ್ಲಾಡದೆ ಮಲಗಿಸಿ ಆಂಬ್ಯುಲೆನ್ಸ್ ಕರೆಯುವುದು ಅಲ್ಲಿನ ಕ್ರಮ. ತೆಂಗಿನ ತೋಟದಲ್ಲಿ ಬೆಳೆದ ಹುಡುಗಿಗೆ ಹಾವು ಹೊಸದಾ? ಅಲ್ಲಿನವರು ಹೆಚ್ಚು ಹೆದರುವುದು ಮುಸ್ಸಂಜೆ ರಸ್ತೆಗೆ ಹಾರುವ ಕಾಂಗರೂಗೆ.

ಊಟದ ಬಗ್ಗೆ ರೋಟರಿಯ ಮೂಲಕ ಮುಂಚೆಯೇ ಬರೆದು ತಿಳಿಸಿ, ಮೊಟ್ಟೆಯೂ ಇಲ್ಲ ಅಂತ ಬಿಡಿಸಿ ಬರೆಯಿರಿ. ಊರಿನ ಅಂಗಡಿಯಲ್ಲಿ ಅಕ್ಕಿ, ಬೇಳೆ, ತರಕಾರಿ, ಮೊಸರು ಸಿಗುತ್ತದೆ. ಅನ್ನ ಸಾರು, ಉಪ್ಪಿಟ್ಟು, ಚಪಾತಿ ಇಷ್ಟು ಮಾಡೋಕೆ ಈ ಎರಡು ತಿಂಗಳಲ್ಲಿ ಕಲಿಸಿ. ವಾರಕ್ಕೊಂದು ದಿನ ಆ ಮನೆಯವರಿಗೂ ಅವಳೇ ಅಡುಗೆ ಮಾಡಿ ಹಾಕಲಿ.

ಕೊಟ್ಟು ಕಳಿಸಬೇಕಾದ್ದು ಬೆಚ್ಚನೆ ಬಟ್ಟೆ, ಗಟ್ಟಿ ಶೂ. ಕರಿಬೇವು, ಮೈಸೂರುಪಾಕು, ಪೇಡ, ತುಪ್ಪ ಮಾತ್ರ ಬೇಡವೇ ಬೇಡ. ಎಲೆ, ಬೀಜ, ಹಾಲಿನ ಪದಾರ್ಥದ ವಿಷಯದಲ್ಲಿ ಅಲ್ಲಿನ ವಿಮಾನ ನಿಲ್ದಾಣದವರು ಬಹಳ ಬಿಗಿ. ಸಾರಿನ ಪುಡಿ ಇಟ್ಟರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ತಿನ್ನುವ ವಸ್ತು ಇದೆಯಾ ಅನ್ನುವಲ್ಲಿ "ಹೌದು" ಅಂತಲೇ ಗುರುತು ಹಾಕಲಿ. ಹೇಳಿದರೆ ಹೆಚ್ಚೆಂದರೆ ಪುಡಿ ಹೋಗುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.